ಎರಡನೇ ಭಾಗದ ಮ್ಯಾಲೆ ಇಷ್ಟ ಸಿಟ್ಟ್ಯಾಕ?

ಸಿನಿಮಾದ್ದು ಎರಡನೇ ಭಾಗ ಬರ್ತದ ಅಂದ್ರ ಸಾಕು, ನಮ್ಮ ಮಂದಿ ನೋಡೂಕಿಂತ ಮೊದಲ ಮೂಗು ಮುರೀತಾರ. “ಮೊದಲಿಂದರ ಮುಂದ ಇದೇನೂ ಅಲ್ಲ ಬಿಡ್ರಿ”, “ರೊಕ್ಕದ ಆಸೆಕ್ಕ ಬಿದ್ದು ಎಳದಾರ” ಅನ್ನೂ ಮಾತು ತಯಾರ ಇಟ್ಕೊಂಡ ಟಾಕೀಸಿಗೆ ಹೋಗ್ತಾರ. ‘ಆಪ್ತಮಿತ್ರ’ದ ಮ್ಯಾಲೆ ‘ಆಪ್ತರಕ್ಷಕ’, ‘ಕೆಜಿಎಫ್’ದ ಮ್ಯಾಲೆ ಅದರದ ಎರಡನೇ ಅಧ್ಯಾಯ, ಹಿಂಗ ಒಂದೆರಡು ಮಂದಿಗೆ ಸೇರಿದ್ವು ಖರೇ. ಆದ್ರ ಸೇರಲಾರದ್ದ ಹೆಚ್ಚು. ನಮ್ಮ ಮನಿಯವರಂತೂ ಈ ವಿಷಯದಾಗ ಭಾಳ ಕಟ್ಟುನಿಟ್ಟು. ಒಂದು ಕಥಿ ಒಮ್ಮೆ ಮುಗದ ಮ್ಯಾಲೆ ಅದನ್ನ ಮತ್ತ ಎಬ್ಬಸಬಾರದು ಅಂತಾರ.

ನಾ ಹಂಗ ಅನ್ನೂದಿಲ್ಲ. ಯಾಕಂದ್ರ ಮನ್ಯಾಗ ಇರೂ ಹೆಣ್ಮಕ್ಕಳಿಗೆ ಕಥಿ ಮುಗೀತು ಅನ್ನೂದ ಇರೂದಿಲ್ಲ ನೋಡ್ರಿ. ಮದವಿ ಆತು, ಶುಭಂ ಅಂತ ಪಡದೆ ಬಿತ್ತು. ಮರುದಿನ ಮುಂಜಾನೆ ಆ ಅಷ್ಟೂ ಭಾಂಡೆ ತಿಕ್ಕೂರು ಯಾರು? ಎರಡನೇ ಭಾಗ ಅಂದ್ರ ನನ್ನ ಲೆಕ್ಕದಾಗ ಆ ಮರುದಿನದ ಕಥಿ.

ಇನ್ನೊಂದು ಮಾತು. ಹೋಳಗಿ ಮಾಡಿದ ದಿನ ಬ್ಯಾಳಿ ಬೇಯಿಸಿದ ಕಟ್ಟು ಉಳೀತದಲ್ಲಾ, ಅದರಾಗ ಮಸಾಲಿ ಹಾಕಿ ಕಟ್ಟಿನ ಸಾರು ಮಾಡ್ತೇವಿ. ಬ್ಯಾಳಿ ಅದ, ನೀರು ಅದ. ಆದ್ರ ಯಾರರ ಕಟ್ಟಿನ ಸಾರು ಸುರಕೊಂಡು “ಇದು ಹೋಳಗಿ ಹಂಗ ಸಿಹಿ ಇಲ್ಲಲ್ಲಾ” ಅಂತ ಜಗಳಾ ತಗೀತಾರೇನು? ಸಿನಿಮಾದಾಗ ಮಾತ್ರ ನಾವು ಅದನ್ನ ಮಾಡ್ತೇವಿ. ಮೊದಲಿಂದರ ರುಚಿನ ಎರಡನೇದರಾಗೂ ಬೇಕು ಅಂತೇವಿ. ಅದ ರುಚಿ ಕೊಟ್ರ “ಹೊಸಾದು ಏನದ?” ಅಂತೇವಿ, ಬ್ಯಾರೆ ರುಚಿ ಕೊಟ್ರ “ಕೆಡಿಸಿದ್ರು” ಅಂತೇವಿ. ಪಾಪ, ಮಾಡಿದಾಂವ ಎಲ್ಲೆ ಹೋಗಬೇಕು?

ಮಂದಿಗೆ ಸೇರಲಾರದ ಇಂಥಾ ಒಂದು ಎರಡನೇ ಭಾಗದ ಚರಿತ್ರಾನ ಇವತ್ತು ಹೇಳಬೇಕಂತ ಕೂತೇನಿ. ಅದು ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’. ಈಗ ದೊಡ್ಡ ದೊಡ್ಡ ಮಂದಿ ಅದನ್ನ ಹೊಗಳ್ತಾರ, ಅದು ಗೊತ್ತದ. ಆದ್ರ 1956ರಾಗ ಅದು ಕಲಕತ್ತಾದಾಗ ಬಂದಾಗ ಅಲ್ಲಿ ಮಂದಿ ಅದನ್ನ ಬ್ಯಾಡ ಅಂದ್ರು. ಯಾಕ ಬ್ಯಾಡ ಅಂದ್ರು ಅನ್ನೂದ ನನಗ ಮುಖ್ಯ. ಆ ಕಾರಣ ಇನ್ನೂ ನಮ್ಮ ಮನಿಗಳೊಳಗ ಅದ ಅದಕ್ಕ.

ಮೊದಲ ಭಾಗದ್ದು ಸ್ವಲ್ಪ ಹೇಳಲಿಕ್ಕೇ ಬೇಕು. ಬಿಭೂತಿಭೂಷಣ ಬಂದ್ಯೋಪಾಧ್ಯಾಯ ಅನ್ನೂ ಬಂಗಾಲಿ ಲೇಖಕರು 1929ರಾಗ ‘ಪಥೇರ್ ಪಾಂಚಾಲಿ’ ಅಂತ ಕಾದಂಬರಿ ತಂದ್ರು, ಅದರ ಮುಂದಿನ ಕಥಿ ‘ಅಪರಾಜಿತೋ’ 1932ರಾಗ ಬಂತು. ಅಂದ್ರ ಮುಂದುವರಿದ ಭಾಗ ಅನ್ನೂದನ್ನ ಸಿನಿಮಾದವರೇನೂ ರೊಕ್ಕಕ್ಕ ಹುಟ್ಟಿಸಿದ್ದಲ್ಲ. ಬರದವರ ಹೊಟ್ಟಿಯೊಳಗ ಮೊದಲ ಇತ್ತು. ರಾಯ್ ಆವಾಗ ಕಲಕತ್ತಾದ ಒಂದು ಜಾಹೀರಾತು ಕಂಪನಿಯೊಳಗ ಚಿತ್ರಾ ಬರಿಯೂ ನೌಕರಿ ಮಾಡ್ತಿದ್ರು. 1950ರಾಗ ಕಂಪನಿ ಕೆಲಸಕ್ಕ ಲಂಡನ್ನಿಗೆ ಹೋದಾಗ ಇಟಲಿಯ ‘ಬೈಸಿಕಲ್ ಥೀವ್ಸ್’ ನೋಡಿ, ತಾನೂ ಹಿಂಗ, ನಟರಲ್ಲದ ಮಂದಿನ್ನ ಇಟ್ಕೊಂಡು, ಖರೇ ಊರಾಗ ಸಿನಿಮಾ ಮಾಡಬೇಕು ಅಂತ ಗಟ್ಟಿ ಮಾಡಿಕೊಂಡ್ರು.

ರೊಕ್ಕ ಕೊಡೂರು ಯಾರೂ ಇರಲಿಲ್ಲ. ಹಾಡಿಲ್ಲ, ಕುಣತ ಇಲ್ಲ, ಬಡವರ ಮನಿ, ಯಾರು ಕೊಡ್ತಾರ? ರಾಯ್ ತಮ್ಮ ವಿಮಾ ಪಾಲಿಸಿ ಮ್ಯಾಲೆ ಸಾಲ ತಗದ್ರು. ಹೆಂಡತಿ ಬಿಜೋಯಾ ತಮ್ಮ ಬಂಗಾರ ಬಿಚ್ಚಿ ಕೊಟ್ರು, ಅದನ್ನ ಅಡಾ ಇಟ್ರು. (ಈ ಮಾತನ್ನ ಸಿನಿಮಾ ಪುಸ್ತಕದವರು ಒಂದು ಸಾಲಿನ್ಯಾಗ ಬರದು ಮುಂದ ಹೋಗ್ತಾರ. ಬಂಗಾರ ಬಿಚ್ಚಿ ಕೊಟ್ಟಾಕಿಗೆ ಅದು ಒಂದು ಸಾಲಿಂದಲ್ಲ.) 1952ರ ಅಕ್ಟೋಬರದಾಗ ಕಾಶ ಹುಲ್ಲಿನ ಬಿಳೇ ಹೂವಿನ ಬಯಲಿನ್ಯಾಗ ಚಿತ್ರೀಕರಣ ಶುರು ಆತು. ಒಂದು ವಾರ ಬಿಟ್ಟು ಮತ್ತ ಅಲ್ಲೆ ಹೋಗಿ ನೋಡ್ತಾರ, ದನಾ ಬಂದು ಅಷ್ಟೂ ಹೂವು ಮೇದು ಹೋಗ್ಯಾವ! ಮುಂದಿನ ವರ್ಷ ಹೂವು ಬಿಡೂತನಕ ಕಾಯಬೇಕಾತು. ಕಡೀಕೆ ಪಶ್ಚಿಮ ಬಂಗಾಲದ ಸರಕಾರ ರೊಕ್ಕ ಕೊಟ್ಟು ಸಿನಿಮಾ ಮುಗೀತು. 1955ರ ಆಗಸ್ಟಿನ್ಯಾಗ ಕಲಕತ್ತಾದಾಗ ಬಂತು. ಮೊದಲ ಸಾವಕಾಶ, ಆಮ್ಯಾಲೆ ಮಂದಿ ಮುಗಿಬಿದ್ದು ನೋಡಿದ್ರು. ಮರುವರ್ಷ ಕಾನ್ ಚಿತ್ರೋತ್ಸವದಾಗ ಪ್ರಶಸ್ತಿನೂ ಬಂತು.

ಕಥಿ ನಿಮಗ ಗೊತ್ತಿರಬೇಕು. ನಿಶ್ಚಿಂದಿಪುರ ಅನ್ನೂ ಹಳ್ಳಿ. ಹರಿಹರ ಅನ್ನೂ ಬಡ ಪುರೋಹಿತ, ಹೆಂಡತಿ ಸರ್ಬಜಯಾ, ಮಗಳು ದುರ್ಗಾ, ಮಗ ಅಪು. ಮಳಿಯೊಳಗ ತೋಯಿಸಿಕೊಂಡು ಜ್ವರಾ ಬಂದು ದುರ್ಗಾ ಸಾಯ್ತಾಳ. ಉಳದ ಮೂವರು ಎತ್ತಿನ ಗಾಡಿ ಹತ್ತಿ ಕಾಶಿಗೆ ಹೊಂಡ್ತಾರ. ಅಲ್ಲಿಗೆ ಮುಗೀತದ. ನೋಡಿದವರು ಅತ್ತು, ಕಣ್ಣೀರು ಒರಸ್ಕೊಂಡು ಮನಿಗೆ ಬಂದ್ರು. ಅತ್ತು ಹಗರಾಗೂ ಕಥಿ ಅದು. ಸತ್ತ ಹುಡುಗಿ ಮ್ಯಾಲೆ ಎಲ್ಲಾರಿಗೂ ಮರುಕ ಬರ್ತದ, ಅದರಾಗ ಯಾರದೂ ತಕರಾರಿಲ್ಲ.

ಇದು ಗೆದ್ದ ಮ್ಯಾಲೆ ರಾಯ್ ನೌಕರಿ ಬಿಟ್ಟು ಪೂರ್ತಿ ಸಿನಿಮಾಕ್ಕ ಇಳಿದ್ರು, ಎರಡನೇ ಭಾಗಕ್ಕ ಕೈ ಹಾಕಿದ್ರು. ಮೊದಲಿಂದು ಮಾಡೂ ಹೊತ್ತಿನ್ಯಾಗ ಮುಂದಿನ ಭಾಗದ ವಿಚಾರ ಅವರಿಗೆ ಇರಲಿಲ್ಲ. ಮೊದಲ ಕಾದಂಬರಿಯ ಕಡೀ ಭಾಗ, ಎರಡನೇ ಕಾದಂಬರಿಯ ಮೊದಲ ಭಾಗ ಕೂಡಿಸಿ ಚಿತ್ರಕಥಿ ಮಾಡಿದ್ರು. 1956ರ ಅಕ್ಟೋಬರ 11ಕ್ಕ ‘ಅಪರಾಜಿತೋ’ ಬಿಡುಗಡೆ ಆತು.

ಕಾಶಿಯೊಳಗ ಹರಿಹರ ಘಾಟಿನ ಮ್ಯಾಲೆ ಪುರಾಣ ಓದಿ ಸಂಸಾರ ನಡಸ್ತಾನ. ಜ್ವರಾ ಬರ್ತದ. ಕಡೀ ಹೊತ್ತಿನ್ಯಾಗ ಅಪು ಓಡಿಹೋಗಿ ಗಂಗಾಜಲ ತರ್ತಾನ, ಬಾಯಾಗ ಹಾಕೂದ ತಡ ಜೀವಾ ಹೋಗ್ತದ, ಪಾರಿವಾಳ ಹಿಂಡು ಹಿಂಡಾಗಿ ಹಾರ್ತಾವ. ಸರ್ಬಜಯಾ ಒಂದು ಶ್ರೀಮಂತರ ಮನ್ಯಾಗ ಅಡಗಿಗೆ ನಿಲ್ತಾಳ. ಒಂದು ದಿನ ತನ್ನ ಮಗ ಆ ಮನಿ ಯಜಮಾನ್ರ ಹುಕ್ಕಾ ತಯಾರ ಮಾಡೂದನ್ನ ಆಕಿ ನೋಡ್ತಾಳ. ಒಂದು ಮಾತಿಲ್ಲ. ಆಕಿ ಮುಖಾ ಅಷ್ಟ. ಮುಂದಿನ ಚಿತ್ರದಾಗ ರೈಲಿನ್ಯಾಗ ಇಬ್ಬರೂ ಕೂತಾರ, ಬಂಗಾಲಕ್ಕ ಹೊಳ್ಳಿ ಹೊಂಟಾರ. ಮಗ ಮಂದಿ ಮನ್ಯಾಗ ಆಳಾಗಿ ಬೆಳೀಬಾರದು ಅಂತ ಆ ತಾಯಿ ತಗೊಂಡ ನಿರ್ಣಯ ಅದು. ಇದನ್ನ ನೆನಪಿಡ್ರಿ, ಮುಂದ ಬೇಕಾಗ್ತದ.

ಅಲ್ಲೆ ಅಜ್ಜನಂಥಾ ಸಂಬಂಧಿಕರೊಬ್ಬರ ಹತ್ರ ಅಪು ಪೂಜಾ ಕಲೀತಾನ, ಆದ್ರ ಸಾಲಿಗೆ ಹೋಗಬೇಕು ಅಂತ ಹಟಾ ಹಿಡೀತಾನ. ತಾಯಿ ಕಳಸ್ತಾಳ. ಹುಡುಗ ಶಾಣ್ಯಾ. ಕಾಲೇಜಿಗೆ ತಿಂಗಳಿಗೆ 10 ರೂಪಾಯಿ ವಿದ್ಯಾರ್ಥಿವೇತನ ಸಿಗ್ತದ. ಕಲಕತ್ತಾಕ್ಕ ಹೋಗ್ತೇನಿ ಅಂದಾಗ ತಾಯಿ ಸಿಟ್ಟಿಗೆದ್ದು ಕಪಾಳಕ್ಕ ಹೊಡೀತಾಳ. ಆಮ್ಯಾಲೆ ತಾನಾ ಹಿಂದ ಹೋಗಿ, ಸಮಾಧಾನ ಮಾಡಿ, ಕೂಡಿಟ್ಟ ರೊಕ್ಕ ತಗದು ಕೊಡ್ತಾಳ. ಹುಡುಗ ಹೆಡ್‌ಮಾಸ್ತರು ಕೊಟ್ಟ ಸಣ್ಣ ಭೂಗೋಲ ಹಿಡಕೊಂಡು ಊರು ಬಿಡ್ತಾನ. ರಾತ್ರಿ ಛಾಪಖಾನಿಯೊಳಗ ದುಡೀತಾನ, ಹಗಲಿ ಕ್ಲಾಸಿನ್ಯಾಗ ತೂಕಡಸ್ತಾನ. ಊರಿಗೆ ಬರೂದು ಕಡಿಮಿ ಆಗ್ತದ. ತಾಯಿಗೆ ಜಡ್ಡು, ಮಗಗ ತಿಳಸೂದಿಲ್ಲ, ಅವನ ಪರೀಕ್ಷಾ ಕೆಡ್ತದ ಅಂತ. ದೂರದಾಗ ರೈಲಿನ ಸಪ್ಪಳಾ ಕೇಳ್ಕೋತ ಕೂಡ್ತಾಳ. ಮಿಣಕ ಹುಳಾ ಮಿಣಗುಡೂ ಒಂದು ರಾತ್ರಿ ಆಕಿ ಕಥಿ ಮುಗೀತದ.

ಮಗ ಬರ್ತಾನ, ಗಿಡದ ಕೆಳಗ ಕೂತು ಅಳ್ತಾನ. ಅಜ್ಜ ಅಂತಾನ, ಇಲ್ಲೇ ಇರು, ಪೂಜಾ ಮಾಡ್ಕೊಂಡಿರು. ಅಂವ ಅಂತಾನ, ಇಲ್ಲ, ಪರೀಕ್ಷಾ ಅದ, ಕರ್ಮಾಂತರ ಕಲಕತ್ತಾದ ಕಾಳೀಘಾಟಿನ್ಯಾಗ ಮಾಡ್ತೇನಿ. ಗಂಟು ಕಟಗೊಂಡು ಹೋಗಿಬಿಡ್ತಾನ. ಮುಗೀತು.

ಇದು ಮಂದಿಗೆ ತಡಕೊಳ್ಳಲಿಕ್ಕೆ ಆಗಲಿಲ್ಲ. ಮೊದಲ ಭಾಗಕ್ಕ ಅತ್ತ ಕಲಕತ್ತಾದ ಮಧ್ಯಮ ವರ್ಗದ ಮಂದಿನ ಇದಕ್ಕ ಮುಖಾ ತಿರುವಿದ್ರು. ತಾಯಿ ಕಡೆ ಲಕ್ಷ ಕೊಡಲಾರದ ಮಗ, ಮನೀನ ಹಗ್ಗ ಅನ್ಕೊಂಡಂವ, ಇಂಥಾಂವನ್ನ ಹೆಂಗ ನಾಯಕ ಅನ್ನೂದು ಅನ್ನೂದು ಅವರ ತಕರಾರು. ಸಿನಿಮಾ ಓಡಲಿಲ್ಲ. ರಾಯ್ ಆ ದಾರಿ ಬಿಟ್ಟು ‘ಪರಶ್ ಪಾಥರ್’ ಅನ್ನೂ ನಗೀ ಚಿತ್ರ, ‘ಜಲಸಾಘರ್’ ಅನ್ನೂ ಸಂಗೀತದ ಹುಚ್ಚಿನ ಜಮೀನದಾರನ ಚಿತ್ರ ಮಾಡಲಿಕ್ಕೆ ಹೋದ್ರು. ಎರಡೂ 1958ರಾಗ ಬಂದ್ವು.

ಈಗ ನನ್ನ ವಕಾಲತ್ತು ಶುರು ಮಾಡ್ತೇನಿ.

ಮೊದಲನೇ ಮಾತು, ರಾಯ್ ಆ ಮಗನ್ನ ತಾವು ಹುಟ್ಟಿಸಿದ್ದಲ್ಲ. ಕಾದಂಬರಿಯೊಳಗ ತಾಯಿ ಸತ್ತ ಸುದ್ದಿ ಕೇಳಿದ ಕ್ಷಣಕ್ಕ ಅಪುನ ಮನಸ್ಸಿನ್ಯಾಗ ಏನೋ ಒಂದು ಬಿಡುಗಡಿ ಆಧಂಗ ಅನಸ್ತದ ಅಂತ ಬಿಭೂತಿಭೂಷಣರು ಬರದಾರ. ಆಮ್ಯಾಲೆ ಅಂವಗ ಅದರದ ದುಃಖನೂ ಆಗ್ತದ. ಈ ಒಂದು ಜಾಗಾನ ತಮ್ಮನ್ನ ಹಿಡಕೊಂಡಿದ್ದು ಅಂತ ರಾಯ್ ಹೇಳ್ಯಾರ. ಅಂದ್ರ ಮಂದಿಗೆ ಸೇರಲಾರದ್ದ ಈ ಸಿನಿಮಾದ ಬೀಜ. ಅದನ್ನ ತಗದು ಮಾಡಿದ್ರ ಸಿನಿಮಾ ಓಡತಿತ್ತೇನೋ, ಆದ್ರ ಮಾಡೂ ಕಾರಣನ ಉಳೀತಿರಲಿಲ್ಲ.

ಎರಡನೇದು, ಸಿನಿಮಾ ಮಗನ್ನ ಬೈಯೂದೂ ಇಲ್ಲ, ಹೊಗಳೂದೂ ಇಲ್ಲ. ಒಂದು ಸಂದರ್ಭ ಹೇಳ್ತೇನಿ. ರಜಾಕ್ಕ ಬಂದ ಮಗ ರಾತ್ರಿ ಹಾಸಗಿಯೊಳಗ ಅದಾನ. ತಾಯಿ ಮಾತಾಡ್ತಿರ್ತಾಳ. ನೀ ನೌಕರಿ ಹಿಡದ ಮ್ಯಾಲೆ ನನ್ನ ನಿನ್ನ ಕಡೆ ಕರಕೋತೀ ಏನು, ನಂಗ ಜಡ್ಡಾದ್ರ ಔಷಧ ಮಾಡಸ್ತೀ ಏನು ಅಂತ ಕೇಳ್ತಾಳ. ಉತ್ತರ ಬರೂದಿಲ್ಲ. ಹೊಳ್ಳಿ ನೋಡ್ತಾಳ, ಮಗ ನಿದ್ದಿ ಹತ್ಯಾನ. ಇದಕ್ಕ ಮಗ ಕೆಟ್ಟಾಂವ ಅನ್ನಬೇಕೇನ್ರಿ? ಹದಿನಾರು ಹದಿನೇಳರ ಹುಡುಗ, ದಣದಾನ, ನಿದ್ದಿ ಬಂತು. ಹಂಗಂತ ಆ ತಾಯಿ ಕೇಳಿದ್ದು ಸಣ್ಣ ಮಾತಲ್ಲ. ಇಬ್ಬರದೂ ಖರೇ. ಇಂಥಾ ಜಗಳ ಇಲ್ಲದ ದುಃಖಾನ ಮನಿಯೊಳಗ ಇರ್ತದ, ಸಿನಿಮಾದಾಗ ಮಾತ್ರ ಯಾರರ ಒಬ್ಬರು ತಪ್ಪು ಮಾಡಿರಲಿಕ್ಕೇ ಬೇಕು ಅಂತ ನಾವು ಹಟಾ ಹಿಡೀತೇವಿ.

ಮತ್ತ ಇನ್ನೊಂದು, ಎಲ್ಲಾರೂ ಮರತು ಬಿಡೂ ಸಂದರ್ಭ. ಒಮ್ಮೆ ಅಪು ಕಲಕತ್ತಾಕ್ಕ ಹೊಳ್ಳಿ ಹೊಂಟು ಸ್ಟೇಷನ್ನಿನತನಕ ಹೋಗ್ತಾನ. ರೈಲು ಬರ್ತದ. ಹತ್ತೂದಿಲ್ಲ. ಮನಿಗೆ ಹೊಳ್ಳಿ ಬಂದು, ರೈಲು ತಪ್ಪಿತವ್ವಾ ಅಂತ ಸುಳ್ಳು ಹೇಳ್ತಾನ. ತಾಯಿ ಮುಖಾ ಅರಳ್ತದ. ತಾಯಿ ಮ್ಯಾಲೆ ಮಾಯಾ ಇಲ್ಲಾಂವ ಇದನ್ನ ಮಾಡ್ತಾನೇನು? ಇಷ್ಟಾಗಿಯೂ ಮರುದಿನ ಅಂವ ಹೋಗಬೇಕು.

ನಾ ಈ ಸಿನಿಮಾ ಮೊದಲ ನೋಡಿದ್ದು ಪಿಯುಸಿ ಮುಗಿಸಿ ಮನ್ಯಾಗ ಕೂತಾಗ, ದೂರದರ್ಶನದಾಗ. ಭಾಷಾ ತಿಳೀತಿರಲಿಲ್ಲ, ಕೆಳಗ ಇಂಗ್ಲೀಷ ಅಕ್ಷರ ಓದೂದ್ರೊಳಗ ಹೋಗಿಬಿಡ್ತಿದ್ವು. ಆವಾಗ ನಾ ಅಪುನ ಕಡೆ ಇದ್ದೆ. ಮುಂದ ಕಲೀಬೇಕು ಅಂತ ಆಸೆ ಇದ್ದಾಕಿ ನಾನು, ಆ ಭೂಗೋಲ ಹಿಡಕೊಂಡು ಹೊಂಟ ಹುಡುಗನ್ನ ನೋಡಿ ಹೊಟ್ಟಿಕಿಚ್ಚು ಆಗಿತ್ತು. ಎರಡನೇ ಸಲ ನೋಡಿದ್ದು ನಮ್ಮ ಹುಡುಗ ಪುಣೆದಾಗ ನೌಕರಿಗೆ ಹೋದ ಮ್ಯಾಲೆ, ಅವನ ಹಳೇ ಲ್ಯಾಪಟಾಪಿನ್ಯಾಗ. ಆವಾಗ ಸರ್ಬಜಯಾನ ಕಡೆ ಆಗಿದ್ದೆ. ನನ್ನ ಜೋಡಿ ಕೂತು ನೋಡಿದ ನಮ್ಮತ್ತಿಯವರು “ಎಂಥಾ ಕಲ್ಲಮನಸಿನಾಂವ, ಇಂಥಾಂವನ್ನ ಹಡದು ಏನು ಸಾರ್ಥಕ” ಅಂತ ಬೈದು ಎದ್ದು ಹೋದ್ರು. ಅವರ ಇಬ್ಬರು ಗಂಡುಮಕ್ಕಳು ಬ್ಯಾರೆ ಊರಾಗ ಅದಾರ, ಅವರಿಗೆ ಒಂದು ಮಾತೂ ಅಂದವರಲ್ಲ. ಅಪುಗ ಬೈದ್ರು. ನಾ ಸುಮ್ಮನ ಕೂತೆ. ಸಿನಿಮಾದ ಉಪಯೋಗ ಇದೂ ಇರಬಹುದು ಅನಸ್ತು.

ಆದ್ರ ಈ ಸರ್ಬಜಯಾನ ಹಣೆಬರಾ ನೋಡ್ರಿ. ಮಗ ಹುಕ್ಕಾ ತಯಾರ ಮಾಡೂದನ್ನ ನೋಡಿ, ಇಂವ ಆಳಾಗಬಾರದು ಅಂತ ಕಾಶಿ ಬಿಟ್ಟಾಕಿ ಆಕಿನ. ಸಾಲಿಗೆ ಕಳಿಸಿದಾಕಿ ಆಕಿನ. ಕೂಡಿಟ್ಟ ರೊಕ್ಕ ಕೊಟ್ಟಾಕಿ ಆಕಿನ. ಮಗ ಹೊಂಟದ್ದು ಆಕಿ ಹಾಕಿದ ದಾರಿ ಮ್ಯಾಲೆ. ಅಂವ ತನ್ನ ಬಿಟ್ಟು ಹೋದ ಅಂದ್ರ ಆಕಿ ಗೆದ್ದಳು ಅಂತನೂ ಅರ್ಥ. ಗೆದ್ದದ್ದು ಇಷ್ಟು ನೋಯಸ್ತದ ಅಂತ ಆಕಿಗೆ ಯಾರೂ ಹೇಳಿರಲಿಲ್ಲ. ‘ಅಪರಾಜಿತೋ’ ಅಂದ್ರ ಸೋಲಲಾರದಾಂವ. ಹೆಸರು ಮಗಂದು. ನಾ ಮಾತ್ರ ಅದನ್ನ ತಾಯಿಗೆ ಕೊಡ್ತೇನಿ.

ಆ ಕಾಲದಾಗ ಸಿನಿಮಾದ ತಾಯಿ ಅಂದ್ರ ಹೆಂಗಿರತಿದ್ಲು ಅನ್ನೂದೂ ಲಕ್ಷದಾಗ ಇರಲಿ. ಮರುವರ್ಷ, 1957ರಾಗ ಮೆಹಬೂಬ್ ಖಾನರ ‘ಮದರ್ ಇಂಡಿಯಾ’ ಬಂತು. ಅದರಾಗ ತಾಯಿ ದೇವತಿ, ಕಡೀಕೆ ನ್ಯಾಯಕ್ಕಾಗಿ ತನ್ನ ಮಗನ್ನ ತಾನ ಗುಂಡು ಹಾಕ್ತಾಳ. ಮಂದಿ ಮುಗಿಬಿದ್ದು ನೋಡಿದ್ರು, ಅದು ಆಸ್ಕರ್ ಸ್ಪರ್ಧಾಕ್ಕನೂ ಹೋತು. ಛಲೋ ಚಿತ್ರನ ಅದು, ನರ್ಗಿಸ್ ಕೆಲಸಕ್ಕ ಕೈ ಮುಗೀಬೇಕು. ಆದ್ರ ನನಗೊಂದು ನಗೀ ಬರ್ತದ: ತಾಯಿ ಮಗಗ ಗುಂಡು ಹೊಡದದ್ದು ನಡೀತು, ಮಗ ಪರೀಕ್ಷಾಕ್ಕ ಹೋದದ್ದು ನಡೀಲಿಲ್ಲ! ಗುಂಡು ಹೊಡಿಯೂದು ನಮ್ಮ ಮನಿಯೊಳಗ ಆಗೂದಿಲ್ಲ, ಅದಕ್ಕ ಆರಾಮ ಕೂತು ನೋಡಬಹುದು. ಪರೀಕ್ಷಾದ್ದು ಮನಿ ಮನಿಯೊಳಗ ಅದ.

ಸರ್ಬಜಯಾ ದೇವತಿ ಅಲ್ಲ. ಮೊದಲ ಭಾಗದಾಗ ಮುದುಕಿ ಇಂದಿರ್ ಠಾಕ್ರುನ್‌ಗೆ ಅಷ್ಟು ಕಠೋರ ಮಾತಾಡಿದಾಕಿ, ದುರ್ಗಾನ ಕೂದಲಾ ಹಿಡದು ಎಳದಾಕಿ. ಬಡತನದಾಗ ನಾಲಿಗಿ ಹರತ ಆಗಿರ್ತದ. ಆ ಪಾತ್ರ ಮಾಡಿದ ಕರುಣಾ ಬ್ಯಾನರ್ಜಿ ಕಂಪನಿ ಸಿನಿಮಾದ ನಟಿ ಅಲ್ಲ. ಜನನಾಟ್ಯ ಸಂಘದಾಗ ನಾಟಕ ಮಾಡಿದಾಕಿ, ರಾಯ್ ಅವರ ಗೆಳೆಯನ ಹೆಂಡತಿ. ನಮ್ಮಲ್ಲೆ ಬ್ಯಾಡಾದ ಈ ಪಾತ್ರಕ್ಕ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿಯ ಪರದೇಶದ ನಟಿಯರ ಸಾಲಿನ್ಯಾಗ ಆಕಿ ಹೆಸರು ಬಂತು.

ಸಿನಿಮಾ ಮಾಡೂ ವಿದ್ಯಾದಾಗನೂ ಈ ಎರಡನೇ ಭಾಗ ಒಂದು ದೊಡ್ಡ ಕೆಲಸ ಮಾಡೇದ. ಕಾಶಿಯ ಹಳೇ ಮನಿಗಳೊಳಗ ನಡುವ ಅಂಗಳ ಇರ್ತದ, ಮ್ಯಾಲಿನಿಂದ ಆಕಾಶದ ಬೆಳಕು ಇಳೀತದ. ನಮ್ಮ ಹಳೇ ಮನಿ ಬೆಳಕಿಂಡಿಯಿಂದ ಅಡಗಿಮನಿಗೆ ಬೀಳ್ತದಲ್ಲಾ, ಹಂಗ. ಬೆಳಕು ಇರ್ತದ, ಗಟ್ಟಿ ನೆರಳು ಇರೂದಿಲ್ಲ. ಮಳಿ ಬಂದೀತು ಅನ್ನೂ ಹೆದರಿಕಿಗೆ ಆ ಮನೀನ ಬನ್ಸಿ ಚಂದ್ರಗುಪ್ತ ಅನ್ನೂ ಕಲಾ ನಿರ್ದೇಶಕರು ಕಲಕತ್ತಾದ ಸ್ಟುಡಿಯೋದಾಗ ಕಟ್ಟಿದ್ರು. ಸ್ಟುಡಿಯೋ ದೀಪಾ ಹಚ್ಚಿದ್ರ ಗ್ವಾಡಿ ಮ್ಯಾಲೆ ಕರೇ ಕರೇ ನೆರಳು ಬಿದ್ದು ಸುಳ್ಳು ಅಂತ ಗೊತ್ತಾಗ್ತದ. ಕ್ಯಾಮರಾದ ಸುಬ್ರತಾ ಮಿತ್ರ, ಇನ್ನೂ ಇಪ್ಪತ್ತೈದರ ಆಸುಪಾಸಿನ ಹುಡುಗ, ಅಂಗಳದ ಮ್ಯಾಲೆ ಬಿಳೇ ಅರಿವಿ ಬಿಗದು ಕಟ್ಟಿ, ದೀಪದ ಬೆಳಕನ್ನ ಅರಿವಿಗೆ ಹೊಡಸಿ, ಅದರಿಂದ ಪುಟದು ಕೆಳಗ ಬೀಳೂ ಹಂಗ ಮಾಡಿದ್ರು. ಈಗ ಜಗತ್ತಿನ ಸಿನಿಮಾದವರು ಮಾಡೂ ‘ಬೌನ್ಸ್ ಲೈಟಿಂಗ್’ ಕೆಲಸದ ಮೊದಮೊದಲಿನ ಪ್ರಯೋಗ ಇದು. ಮಂದಿಗೆ ಸೇರಲಾರದ ಸಿನಿಮಾದ ಒಂದು ಬಿಳೇ ಅರಿವಿ ಇದು.

ಕೊರತಿ ಇಲ್ಲ ಅಂತ ನಾ ಅನ್ನೂದಿಲ್ಲ. ದೊಡ್ಡ ಅಪುನ ಪಾತ್ರದ ಸ್ಮರಣ್ ಘೋಷಾಲ್ ಒಂದೊಂದು ಕಡೆ ಬಿಗದುಕೊಂಡು ನಿಂತಂಗ ಕಾಣ್ತಾನ. ಕಾದಂಬರಿಯೊಳಗ ಲೀಲಾ ಅನ್ನೂ ಹುಡುಗಿ ಅದಾಳ, ಸಿನಿಮಾದಾಗ ಇಲ್ಲ. ಆಕಿ ಇದ್ದಿದ್ರ ಕಲಕತ್ತಾ ಅಂವನ್ನ ಯಾಕ ಎಳೀತು ಅನ್ನೂದು ಇನ್ನೂ ಗಟ್ಟಿ ಆಗ್ತಿತ್ತು. ಮತ್ತ ದುರ್ಗಾನಂಥಾ ಹುಡುಗಿ ಹೋದ ಮ್ಯಾಲೆ ಆ ಜಾಗಾ ಖಾಲಿನ. ಆದ್ರ ಮನಿಯೊಳಗೂ ಆ ಜಾಗಾ ಖಾಲಿನ ಇತ್ತಲ್ಲ!

1957ರಾಗ ವೆನಿಸ್ ಚಿತ್ರೋತ್ಸವಕ್ಕ ‘ಅಪರಾಜಿತೋ’ ಹೋತು. ಅಲ್ಲೆ ಜಪಾನಿನ ಕುರೊಸಾವಾ ಅವರ ‘ಥ್ರೋನ್ ಆಫ್ ಬ್ಲಡ್’, ಇಟಲಿಯ ವಿಸ್ಕಾಂಟಿ ಅವರ ‘ವೈಟ್ ನೈಟ್ಸ್’ ಎದುರಿಗೆ ಇದ್ವು. ಫ್ರಾನ್ಸಿನ ರೆನೆ ಕ್ಲೇರ್ ತೀರ್ಪುಗಾರರ ಮುಖ್ಯಸ್ಥರು. ದೊಡ್ಡ ಪ್ರಶಸ್ತಿ, ಬಂಗಾರದ ಸಿಂಹ, ಇದಕ್ಕ ಬಂತು. ಭಾರತದ ಸಿನಿಮಾಕ್ಕ ಅದು ಮೊದಲ ಸಲ. ಮುಂದಿಂದು ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ಕ್ಕ, 2001ರಾಗ. ವೆನಿಸಿನ್ಯಾಗ ಪತ್ರಿಕಾದವರು, ಮೂರನೇ ಭಾಗ ಮಾಡ್ತೀರೇನು ಅಂತ ಕೇಳಿದ್ರಂತ, ರಾಯ್ ಹೂಂ ಅಂದುಬಿಟ್ರು. ಹಂಗ 1959ರಾಗ ‘ಅಪುರ್ ಸಂಸಾರ್’ ಬಂತು. ಸೌಮಿತ್ರ ಚಟರ್ಜಿ, ಶರ್ಮಿಳಾ ಟಾಗೋರ್ ಇಬ್ಬರೂ ನಮಗ ಸಿಕ್ಕದ್ದು ಆ ಸಿನಿಮಾದಿಂದ. ಸೌಮಿತ್ರನ್ನ ರಾಯ್ ‘ಅಪರಾಜಿತೋ’ ಹೊತ್ತಿಗೇ ನೋಡಿದ್ರು, ಆ ವಯಸ್ಸಿಗೆ ದೊಡ್ಡಂವ ಆದ ಅಂತ ಬಿಟ್ಟಿದ್ರು. ಮೂರನೇದರಾಗ ಅಪು ತಾನ ತಂದಿ ಆಗ್ತಾನ, ಹೆಂಡತಿ ಹಡಿಯೂದ್ರಾಗ ಸತ್ತಳಂತ ಮಗನ್ನ ವರ್ಷಗಟ್ಲೆ ನೋಡಲಿಕ್ಕೂ ಹೋಗೂದಿಲ್ಲ, ಕಡೀಕೆ ಹೋಗಿ ಹೆಗಲ ಮ್ಯಾಲೆ ಹೊತಗೊಂಡು ಬರ್ತಾನ. ಎರಡನೇದು ಬ್ಯಾಡ ಅಂದವರಿಗೆ ಈ ಹೆಗಲಿನ ತೂಕ ಹೆಂಗ ತಿಳೀಬೇಕು?

ಇದು ನಮ್ಮ ದೇಶದ್ದಾತು. ಹೊರಗಿಂದು ಒಂದು ಸಂಕ್ಷಿಪ್ತ ಹೇಳಿಬಿಡ್ತೇನಿ, ಯಾಕಂದ್ರ ನಮ್ಮ ಹುಡುಗ ಯಾವಾಗಲೂ ನನ್ನ ಜೋಡಿ ಜಗಳಾಡೂದು ಇದಕ್ಕ. ಅಮೇರಿಕಾದ ‘ಗಾಡ್‌ಫಾದರ್’ 1972ರಾಗ, ಎರಡನೇ ಭಾಗ 1974ರಾಗ ಬಂದು ಎರಡಕ್ಕೂ ಆಸ್ಕರ್ ಬಂತು. ಮುಂದುವರಿದ ಭಾಗಕ್ಕ ಅತ್ಯುತ್ತಮ ಚಿತ್ರದ ಆಸ್ಕರ್ ಬಂದದ್ದು ಅದ ಮೊದಲು. ಮೂರನೇದು ಬಂದದ್ದು 16 ವರ್ಷದ ಮ್ಯಾಲೆ, 1990ರ ಕ್ರಿಸ್ಮಸ್ಸಿಗೆ. ನಿರ್ದೇಶಕ ಫ್ರಾನ್ಸಿಸ್ ಕೊಪ್ಪೊಲಾ ಸಾಲದಾಗ ಇದ್ದು ಒಪ್ಪಿಕೊಂಡ್ರು ಅನ್ನೂದು ಮುಚ್ಚಿಟ್ಟ ಮಾತಲ್ಲ. ಮಗಳ ಪಾತ್ರದ ನಟಿ ವಿನೋನಾ ರೈಡರ್ ಕಡೀ ಹೊತ್ತಿನ್ಯಾಗ ದಣಿವಾಗೇದ ಅಂತ ಬಿಟ್ಟು ಹೋದ್ಲು. ಕೊಪ್ಪೊಲಾ ತಮ್ಮ 18 ವರ್ಷದ ಮಗಳು ಸೋಫಿಯಾನ್ನ ನಿಲ್ಲಿಸಿದ್ರು. ಮೊದಲ ‘ಗಾಡ್‌ಫಾದರ್’ನ್ಯಾಗ ನಾಮಕರಣ ಆಗೂ ಕೂಸು ಇದಳ ನೋಡ್ರಿ, ಅದೂ ಈಕಿನ.

ಆ ಹುಡುಗಿನ್ನ ಮಂದಿ ಹೆಂಗ ಆಡಿಕೊಂಡ್ರು ಅಂದ್ರ ಹೇಳೂಹಂಗಿಲ್ಲ. ಕೆಟ್ಟ ನಟನಾಕ್ಕ ಕೊಡೂ ಚಾಷ್ಟಿ ಪ್ರಶಸ್ತಿ ಸೈತ ಕೊಟ್ರು. ಸಿನಿಮಾದ ಕಡೀಕೆ ಅಪ್ಪನ ಎದಿಗೆ ಇಟ್ಟ ಗುಂಡು ಮಗಳಿಗೆ ಬಡೀತದ. ಹೊರಗೂ ಹಂಗ ಆತು, ನನಗ ಇಟ್ಟ ಗುಂಡು ನನ್ನ ಮಗಳು ತಗೊಂಡಳು ಅನ್ನೂ ಅರ್ಥದಾಗ ಕೊಪ್ಪೊಲಾ ತಾವ ಹೇಳ್ಯಾರ. ಅವರ ಹಿರೇ ಮಗ ಜಾನ್‌ಕಾರ್ಲೋ 1986ರಾಗ, 22ನೇ ವಯಸ್ಸಿನ್ಯಾಗ, ನಾವಿ ಅಪಘಾತದಾಗ ತೀರಿಕೊಂಡಿದ್ದ. ನಾಲ್ಕು ವರ್ಷದಾಗ ಆ ತಂದಿ, ಮಗಳನ್ನ ಕಳಕೊಂಡ ತಂದಿ ಕಥಿ ಮಾಡ್ಯಾರ. ಓಪೆರಾ ಮನಿ ಮೆಟ್ಟಲ ಮ್ಯಾಲೆ ಅಲ್ ಪಚಿನೋ ಬಾಯಿ ತಗದು ಚೀರ್ತಾನ, ಮೊದಲ ಧ್ವನಿ ಬರೂದಿಲ್ಲ. ಇದನ್ನ ನೋಡಿ “ಮೊದಲೆರಡರಂಗ ಇಲ್ಲ” ಅಂತಾರ. ಖರೇ, ಇಲ್ಲ. ಮೊದಲೆರಡರಾಗ ಅಂವ ಗೆದ್ದಾನ, ಇದರಾಗ ಬಿಲ್ಲು ಬಂದದ. ಬಿಲ್ಲು ನೋಡಲಿಕ್ಕೆ ಯಾರಿಗೆ ಖುಷಿ ಆಗ್ತದ ಹೇಳ್ರಿ. ಕೊಪ್ಪೊಲಾ 2020ರಾಗ ಅದನ್ನ ಮತ್ತ ಕತ್ತರಿಸಿ ಜೋಡಿಸಿ, ತಮಗ ಮೊದಲಿಂದ ಬೇಕಾಗಿದ್ದ ಹೆಸರು ಸೇರಿಸಿ ಬಿಟ್ರು. ಸೋಫಿಯಾ ತಾನ ನಿರ್ದೇಶಕಿ ಆಗಿ, ‘ಲಾಸ್ಟ್ ಇನ್ ಟ್ರಾನ್ಸ್‌ಲೇಶನ್’ ಚಿತ್ರಕಥಿಗೆ ಆಸ್ಕರ್ ತಗೊಂಡ್ಲು.

ಹಂಗಂತ ಎಲ್ಲಾ ಎರಡನೇ ಭಾಗನೂ ಛಲೋ ಅಂತ ನಾ ಸಹಿ ಹಾಕೂದಿಲ್ಲ. ಅದ ಜೋಕು, ಅದ ಹೊಡದಾಟ ಮತ್ತ ಬಿಸಿ ಮಾಡಿ ಬಡಸಿದ್ರ ಬೈಸ್ಕೋಬೇಕು. ನಾ ಹೇಳೂದು ಇಷ್ಟ: ಎರಡನೇದು ಯಾಕ ಸೇರಲಿಲ್ಲ ಅಂತ ನಮ್ಮನ್ನ ನಾವು ಒಂದು ಮಾತು ಕೇಳ್ಕೋಬೇಕು. ಅದು ಸಪ್ಪಗ ಆಗಿತ್ತಂತ ಸೇರಲಿಲ್ಲೋ, ಇಲ್ಲಾ ಕೇಳಲಿಕ್ಕೆ ಬ್ಯಾಡಾಗಿದ್ದ ಮಾತು ಹೇಳ್ತಂತ ಸೇರಲಿಲ್ಲೋ? ಎರಡೂ ಒಂದ ಅಲ್ಲ.

ಕಡೀದೊಂದು ಸುದ್ದಿ. 1992ರ ಏಪ್ರಿಲ್ಲಿನ್ಯಾಗ ರಾಯ್ ತೀರಿಕೊಂಡ್ರು. ಮರುವರ್ಷ ಲಂಡನ್ನಿನ ಒಂದು ಫಿಲ್ಮ್ ಲ್ಯಾಬಿಗೆ ಬೆಂಕಿ ಹತ್ತಿ ಈ ಮೂರೂ ಸಿನಿಮಾದ ಮೂಲ ನೆಗೆಟಿವ್ ಸುಟ್ಟ್ವು. ಸುಟ್ಟು ಸುಕ್ಕು ಹಿಡದ ಆ ಸುರುಳಿಗಳನ್ನ ಎಸೀದ ಇಟ್ಟಿದ್ರು. ಎಷ್ಟೋ ವರ್ಷದ ಮ್ಯಾಲೆ ಇಟಲಿಯ ಬೊಲೋನಾದಾಗ ಅವನ್ನ ನೆನಸಿ, ಬಿಡಿಸಿ, ಹರದ ಕಡೆ ಕೈಲೆ ಹಚ್ಚಿ 2015ರಾಗ ಮತ್ತ ತಂದ್ರು. ‘ಪಥೇರ್ ಪಾಂಚಾಲಿ’ ನೆಗೆಟಿವ್ ಉಪಯೋಗಕ್ಕ ಬಂದದ್ದು ಶೇಕಡಾ 40ರಷ್ಟು. ‘ಅಪರಾಜಿತೋ’ದ್ದು 60ಕ್ಕೂ ಹೆಚ್ಚು. ಉಳದದ್ದನ್ನ ಬ್ಯಾರೆ ಪ್ರತಿಗಳಿಂದ ತುಂಬಿದ್ರು.

ಈಗ ಮನ್ಯಾಗ ಕೂತು ನೋಡಲಿಕ್ಕೆ ಸಿಗ್ತದ, ಚಂದ ಸ್ವಚ್ಛ ಚಿತ್ರ. ಮೊದಲಿಂದು ನೋಡಿದ ಮರುದಿನನ ನೋಡಬ್ಯಾಡ್ರಿ, ನಡುವ ಒಂದು ವಾರ ಬಿಡ್ರಿ. ಹೋಳಗಿ ರುಚಿ ಬಾಯಾಗ ಇದ್ದಾಗ ಸಾರು ಸಪ್ಪಗ ಹತ್ತದ. ಮಕ್ಕಳು ಊರಿಗೆ ಬಂದಾಗ ಅವರ ಜೋಡಿ ಕೂತು ನೋಡಿದ್ರ ಇನ್ನೂ ಛಲೋ. ನಡುವ ಅವರು ನಿದ್ದಿ ಹತ್ತಿದ್ರ ಎಬ್ಬಸಬ್ಯಾಡ್ರಿ, ಮ್ಯಾಲೆ ಒಂದು ಚಾದರ ಹೊಚ್ಚಿ ನೀವು ಮುಂದ ನೋಡ್ರಿ.